ಲೋಹದ ಷೆಡ್‌ಗಳ ನವೀಕರಣ: ಉಲ್ಹಾಸನಗರ ಮತ್ತು ನೆರೆಯ ನಗರಗಳ ಪಾಲಿಕೆ ಯಾರ್ಡುಗಳು

ಕಾರ್ಖಾನೆಗೋ ಗೋದಾಮಿಗೋ ಕಟ್ಟಿದ, ಉಕ್ಕಿನ ಚೌಕಟ್ಟಿನ ಮೇಲೆ ತಗಡು ಹೊದ್ದ ಕಟ್ಟಡವನ್ನು ಕೆಡವದೆ ದುರಸ್ತಿಮಾಡಿ ಹೊಸ ಬಳಕೆಗೆ ಒಗ್ಗಿಸುವ ಕೆಲಸವೇ ಲೋಹದ ಷೆಡ್ ನವೀಕರಣ. ನಗರಪಾಲಿಕೆಯ ಯಾರ್ಡ್ ಅಂಥ ಬಳಕೆಗಳಲ್ಲೊಂದು. ಕಸದ ಗಾಡಿ, ನೀರಿನ ಟ್ಯಾಂಕರು, ಚರಂಡಿ ತೊಳೆಯುವ ಜೆಟ್ಟಿಂಗ್ ಯಂತ್ರ, ಜೆಸಿಬಿ, ಪೈಪು, ಬೀದಿದೀಪದ ಕಂಬ ಎಲ್ಲವೂ ನಿಲ್ಲುವುದು, ರಿಪೇರಿಯಾಗುವುದು ಅಲ್ಲಿ. ತಗಡಿಗೆ ಮರಾಠಿಯಲ್ಲಿ ಪತ್ರಾ, ಉತ್ತರ ಕರ್ನಾಟಕದ ಮಾತಿನಲ್ಲಿ ಪತ್ರಾಸು. ಇಡೀ ಕಟ್ಟಡವನ್ನೇ ಜನ ಪತ್ರಾ ಷೆಡ್ ಎನ್ನುವುದರಿಂದ ನೋಡುವವರ ಕಣ್ಣೂ ಮೊದಲು ಮಾಡಿನ ಮೇಲೆಯೇ ಬೀಳುತ್ತದೆ. ಮಾಡು ಸೋರಿದರೆ ಷೆಡ್ ಹೋಯಿತೆಂದೂ ಹೊಸ ತಗಡು ಹೊದಿಸಿದರೆ ಷೆಡ್ ಹೊಸದಾಯಿತೆಂದೂ ಲೆಕ್ಕ. ಆದರೆ ತಗಡು ಸವೆಯಲೆಂದೇ ಹಾಕುವ ಹೊದಿಕೆ. ಕೊಂಕಣದ ಮಳೆಯಲ್ಲಿ ಷೆಡ್ಡಿನ ಆಯುಸ್ಸನ್ನು ತೀರ್ಮಾನಿಸುವುದು ಕಂಬವು ನೆಲ ಮುಟ್ಟುವ ಕೊನೆಯ ಒಂದಡಿ. ನವೀಕರಣದ ತಪಾಸಣೆ, ಅಂದಾಜುಪಟ್ಟಿ, ಖರ್ಚು ಎಲ್ಲವೂ ಆ ಒಂದಡಿಯಿಂದ ಶುರುವಾಗಬೇಕೆಂಬುದು ಈ ಲೇಖನದ ವಾದ.

ಜಾಗ ಮತ್ತು ನೀರು

ಮುಂಬಯಿ ಸಮೀಪದ ಉಲ್ಹಾಸನಗರ ಹುಟ್ಟಿದ್ದೇ ತಾತ್ಕಾಲಿಕ ಕಟ್ಟಡಗಳ ಮರುಬಳಕೆಯಿಂದ. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಲ್ಲಿದ್ದದ್ದು ಕಲ್ಯಾಣ ಸೇನಾ ಶಿಬಿರ. ದೇಶ ವಿಭಜನೆಯಾದಾಗ ಸಿಂಧ್‌ನಿಂದ ಬಂದ ನಿರಾಶ್ರಿತರಿಗೆ ಅಲ್ಲಿನ ಎರಡು ಸಾವಿರಕ್ಕೂ ಹೆಚ್ಚು ಬ್ಯಾರಕ್‌ಗಳೇ ಮನೆಗಳಾದವು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಊರಿಗೆ ಅಡಿಗಲ್ಲು ಹಾಕಿದರು. ಉಲ್ಹಾಸ ನದಿಯ ಹೆಸರು ಊರಿಗೆ ಬಂತು. ಇಂದಿಗೂ ಬಡಾವಣೆಗಳನ್ನು ಒಂದನೆಯ ಕ್ಯಾಂಪ್‌ನಿಂದ ಐದನೆಯ ಕ್ಯಾಂಪ್‌ವರೆಗೆ ಎಣಿಸಿಯೇ ಕರೆಯುತ್ತಾರೆ. ಬ್ಯಾರಕ್ ಎಂದರೆ ಲೋಹದ ಕಟ್ಟಡವೆಂದೇ ಅರ್ಥವಲ್ಲ. ಆದರೆ ಒಂದು ಕೆಲಸಕ್ಕೆ ಕಟ್ಟಿದ್ದನ್ನು ಇನ್ನೊಂದಕ್ಕೆ ಹೊಂದಿಸಿಕೊಳ್ಳುವ ರೂಢಿ ಊರಿಗೆ ಹುಟ್ಟಿನಿಂದಲೇ ಬಂದದ್ದು. 2011ರ ಜನಗಣತಿಯ ಪ್ರಕಾರ ಸುಮಾರು 13 ಚದರ ಕಿಲೋಮೀಟರಿನೊಳಗೆ 5,06,098 ಜನ, ಅಂದರೆ ಚದರ ಕಿಲೋಮೀಟರಿಗೆ 38 ಸಾವಿರಕ್ಕೂ ಮಿಕ್ಕಿ. 1996ರಲ್ಲಿ ಮಹಾನಗರಪಾಲಿಕೆಯಾದ ಇಂಥ ಊರಿನಲ್ಲಿ ಕಸದ ಗಾಡಿ ನಿಲ್ಲಿಸಲು ಹೊಸ ಬಯಲು ಹುಡುಕುವುದಕ್ಕಿಂತ ನಿಂತಿರುವ ಷೆಡ್ಡನ್ನು ಉಳಿಸಿಕೊಳ್ಳುವುದು ಸಹಜವಾದ ಆಲೋಚನೆ.

ಅಕ್ಕಪಕ್ಕದಲ್ಲಿದ್ದರೂ ಉಲ್ಹಾಸನಗರ ಮತ್ತು ನೆರೆಯ ನಗರಗಳ ತುಕ್ಕು ಒಂದೇ ಬಗೆಯದಲ್ಲ. ನವಿ ಮುಂಬಯಿ ಮತ್ತು ಠಾಣೆಯ ಖಾಡಿಯ, ಅಂದರೆ ಕಡಲ ಕೊಲ್ಲಿಯ, ಅಂಚಿನಲ್ಲಿ ಗಾಳಿಯಲ್ಲೇ ಉಪ್ಪಿದೆ. ಅಲ್ಲಿ ತಗಡು, ಸ್ಕ್ರೂ, ತಗಡನ್ನು ಹೊರುವ ಅಡ್ಡಪಟ್ಟಿಗಳಾದ ಪರ್ಲಿನ್‌ಗಳೂ ಬೇಗ ಸವೆಯುತ್ತವೆ. ಉಲ್ಹಾಸನಗರ ಒಳನಾಡಿಗೆ ಸರಿದಿದೆ. ಇಲ್ಲಿನ ಶತ್ರು ನೆಲದ ಮೇಲೆ ನಿಲ್ಲುವ ನೀರು. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಯ ಬಹುಭಾಗ ನಾಲ್ಕೇ ತಿಂಗಳಲ್ಲಿ ಬರುತ್ತದೆ. ಅಂಬರನಾಥದ ಕಡೆಯಿಂದ ಊರೊಳಗೆ ಹರಿದುಬರುವ ವಾಲಧುನಿ ನದಿಗೆ ಕಾರ್ಖಾನೆಗಳ ರಾಸಾಯನಿಕ ಸೇರುತ್ತ ಬಂದಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆಯಾದ ದಿನ ಉಲ್ಹಾಸ, ವಾಲಧುನಿ ಎರಡೂ ಉಕ್ಕಿದವು. ಅಂಥ ನೆರೆ ಇಳಿದ ಮೇಲೆ ಕಂಬದ ಬುಡದಲ್ಲಿ ಉಳಿಯುವ ಕೆಸರು ಬರಿಯ ಮಣ್ಣಲ್ಲ. ಅದರಲ್ಲಿನ ಲವಣಗಳು ತೇವವನ್ನು ಹಿಡಿದಿಟ್ಟು, ಬೇಸಗೆಯಲ್ಲೂ ಉಕ್ಕನ್ನು ತಿನ್ನುತ್ತಲೇ ಇರುತ್ತವೆ.

ಚೌಕಟ್ಟಿನ ವಯಸ್ಸು

ತಗಡನ್ನು ಅಲೆಯಲೆಯಾಗಿ ಮಡಿಸಿದರೆ ತೆಳುವಾಗಿದ್ದೂ ಬಾಗದೆ ನಿಲ್ಲುತ್ತದೆ ಎಂಬುದನ್ನು ಕಂಡುಕೊಂಡು 1829ರಲ್ಲಿ ಪೇಟೆಂಟ್ ಪಡೆದವರು ಲಂಡನ್ ಬಂದರಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್. ತುಕ್ಕು ತಡೆಯಲು ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ 1837ರಲ್ಲಿ ಫ್ರಾನ್ಸಿನ ಸ್ತಾನಿಸ್ಲಾ ಸೊರೆಲ್ ಪೇಟೆಂಟ್ ಪಡೆದರು. ಇವೆರಡೂ ಕೂಡಿದ ಮೇಲೆ ರೈಲ್ವೆ, ಬಂದರು, ಸೈನ್ಯ ಹೋದಲ್ಲೆಲ್ಲ ತಗಡಿನ ಮಾಡೂ ಹೋಯಿತು. 1916ರಲ್ಲಿ ಪೀಟರ್ ನಾರ್ಮನ್ ನಿಸೆನ್ ರೂಪಿಸಿದ ಅರ್ಧ ಪೀಪಾಯಿಯಾಕಾರದ ಸೈನಿಕ ಗುಡಿಸಲು ಆ ಪರಂಪರೆಯದು. ಭಾರತದಲ್ಲಿ ಕತೆ ಸ್ವಲ್ಪ ಬೇರೆ. ಸ್ವಾತಂತ್ರ್ಯಾನಂತರ ಉಕ್ಕಿನ ಬೆಲೆ, ಹಂಚಿಕೆ ಸರ್ಕಾರದ ಕೈಯಲ್ಲಿದ್ದು, ಆ ನಿಯಂತ್ರಣ ಹೋದದ್ದು 1992ರ ಜನವರಿಯಲ್ಲಿ. ಉಕ್ಕು ಅಷ್ಟು ಸುಲಭವಾಗಿ ಸಿಗದ ಆ ದಶಕಗಳಲ್ಲಿ ಎಷ್ಟೋ ಷೆಡ್ಡುಗಳ ಮಾಡಿಗೆ ಕಲ್ನಾರಿನ ಸಿಮೆಂಟ್ ಶೀಟು ಬಂತು. ಚೌಕಟ್ಟಿಗೆ ಬೇರೆಡೆ ಕಳಚಿದ ಆ್ಯಂಗಲ್, ಗರ್ಡರುಗಳನ್ನು ಸೇರಿಸಿದ್ದೂ ಉಂಟು. ಹೀಗಾಗಿ ಒಂದೇ ಷೆಡ್ಡಿನಲ್ಲಿ ಎರಡು ಕಾಲದ ಉಕ್ಕು ಕಂಡರೆ ಆಶ್ಚರ್ಯಪಡಬೇಕಿಲ್ಲ.

ಕಾಗದಪತ್ರ ಸಿಗದ ಕಡೆ ಉಕ್ಕೇ ತನ್ನ ವಯಸ್ಸು ಹೇಳುತ್ತದೆ. ತೊಲೆಗಳ ಅಳತೆಯ ಭಾರತೀಯ ಮಾನಕ 808 ಮೊದಲು ಬಂದದ್ದು 1957ರಲ್ಲಿ. ಅದಕ್ಕೂ ಹಿಂದಿನವು ಅಂಗುಲದ ಲೆಕ್ಕದ ಬ್ರಿಟಿಷ್ ತೊಲೆಗಳು. ಬಣ್ಣ ಕೆರೆದು ಅಳೆದಾಗ ಆಳ 203 ಮಿ.ಮೀ., ಅಗಲ 102 ಮಿ.ಮೀ. ಬಂದರೆ ಅದು ಎಂಟು ಅಂಗುಲ, ನಾಲ್ಕು ಅಂಗುಲದ ಹಳೆಯ ತೊಲೆ; 200, 100 ಬಂದರೆ ಮೆಟ್ರಿಕ್ ಕಾಲದ್ದು. ತೊಲೆಯ ನಡುಪಟ್ಟಿಯ ಮೇಲೆ ಉಬ್ಬಕ್ಷರದಲ್ಲಿ ಟಿಸ್ಕೊ ಎಂದೋ ಡಾರ್ಮನ್ ಲಾಂಗ್ ಎಂದೋ ಕಾರ್ಖಾನೆಯ ಹೆಸರು ಮೂಡಿರುವುದೂ ಉಂಟು. 203ಕ್ಕೂ 200ಕ್ಕೂ ನಡುವಿನ ಮೂರು ಮಿಲಿಮೀಟರಿನ ವ್ಯತ್ಯಾಸ ಕುತೂಹಲಕ್ಕಷ್ಟೇ ಸೀಮಿತವಲ್ಲ. ರಿವೆಟ್ ಹೊಡೆಯಲೆಂದು ತಯಾರಾದ ಹಳೆಯ ಉಕ್ಕಿನಲ್ಲಿ ಗಂಧಕ, ರಂಜಕಗಳ ಅಂಶ ಹೆಚ್ಚಿರಬಹುದು. ತುಣುಕು ತೆಗೆದು ರಾಸಾಯನಿಕ ಪರೀಕ್ಷೆ ಮಾಡಿಸದೆ ಅದಕ್ಕೆ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಅಂಚಿನಲ್ಲೇ ಬಿರುಕು ಬಿಡುವ ಅಪಾಯವಿದೆ. ಅಂಥ ಕಡೆ ಬೋಲ್ಟ್ ಜೋಡಣೆ ಲೇಸು.

ಮಾಡು ಹಗುರಾದಾಗ

ಹಳೆಯ ಭಾರದ ಮಾಡನ್ನು ಕಳಚಿ ಹಗುರ ತಗಡು ಹಾಕಿದರೆ ಚೌಕಟ್ಟಿಗೆ ಆರಾಮ ಎಂದು ತೋರುತ್ತದೆ. ಗುರುತ್ವದ ಮಟ್ಟಿಗೆ ಅದು ನಿಜ; ಗಾಳಿಯ ಮಟ್ಟಿಗೆ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಹೆಂಚು ಮುಂಬಯಿ ಕಡೆ ಮಂಗಳೋರಿ ಕೌಲ್ ಎಂದೇ ಹೆಸರಾಯಿತು. ರೀಪು ಸೇರಿ ಅದರ ಭಾರ ಚದರ ಮೀಟರಿಗೆ ಸುಮಾರು 60 ಕೆ.ಜಿ. ಸಿಮೆಂಟ್ ಶೀಟು ಸುಮಾರು 15 ಕೆ.ಜಿ., ಅರ್ಧ ಮಿಲಿಮೀಟರಿನ ಉಕ್ಕಿನ ತಗಡು ಸುಮಾರು 5 ಕೆ.ಜಿ. ಭಾರತೀಯ ಮಾನಕ 875ರ ಮೂರನೆಯ ಭಾಗ ಮುಂಬಯಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್. ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 1160 ನ್ಯೂಟನ್, ಅಂದರೆ 118 ಕೆ.ಜಿ. ತೂಕದಷ್ಟು ಒತ್ತಡ. ಎತ್ತರ, ಸುತ್ತಲ ಕಟ್ಟಡಗಳು ಮುಂತಾದ ಗುಣಕಗಳನ್ನು ಸದ್ಯಕ್ಕೆ ಬದಿಗಿಟ್ಟು, ಮಾಡಿನ ಮೇಲಿನ ಸೆಳೆತಕ್ಕೆ 0.8 ಹಿಡಿಯೋಣ. ಮುಚ್ಚಿದ ಗೋದಾಮಿನಲ್ಲಿ ಒಳಗಿನಿಂದ ಮೇಲಕ್ಕೆ ನೂಕುವ ಒತ್ತಡಕ್ಕೆ ಮಾನಕವು ಕೊಡುವ ಗುಣಕ 0.2, ಗೋಡೆಯ ಶೇ. 5ರಿಂದ 20 ಭಾಗ ತೆರೆದಿದ್ದರೆ ಅದೇ 0.5. ಎರಡೂ ಗುಣಕ ಕೂಡಿಸಿದರೆ ಹೆಂಚಿನ ಗೋದಾಮಿನಲ್ಲಿ ಮೇಲಕ್ಕೆಳೆಯುವ ಬಲ ಚದರ ಮೀಟರಿಗೆ 118 ಕೆ.ಜಿ., ಹೆಂಚಿನ ಭಾರ ಕಳೆದರೆ 58. ಅದೇ ಗೋದಾಮಿಗೆ ತಗಡು ಹೊದಿಸಿ, ಕಸವನ್ನು ಒತ್ತಿ ತುಂಬುವ ಕಂಪ್ಯಾಕ್ಟರ್ ಗಾಡಿ ನುಗ್ಗುವಷ್ಟು ದೊಡ್ಡ ಬಾಗಿಲು ಕೊರೆದರೆ ಎಳೆತ 153, ತಗಡಿನ ಭಾರ ಕಳೆದರೆ 148. ಚೌಕಟ್ಟಿನ ಒಂದು ಬೋಲ್ಟನ್ನೂ ಮುಟ್ಟದೆ ಗಾಳಿಯ ಎಳೆತವನ್ನು ಎರಡೂವರೆ ಪಟ್ಟು ಮಾಡಿದಂತಾಯಿತು.

ಆಗ ಮಾಡನ್ನು ಹೊರುವ ತ್ರಿಕೋನ ಚೌಕಟ್ಟಾದ ಟ್ರಸ್ಸಿನ ಕೆಳಗಿನ ಆ್ಯಂಗಲ್‌ನ ಕೆಲಸವೇ ತಿರುವುಮುರುವಾಗುತ್ತದೆ. ಇಷ್ಟು ವರ್ಷ ಬಿಗಿದ ಹಗ್ಗದಂತೆ ಎಳೆತ ತಾಳಿಕೊಂಡದ್ದು ಗಾಳಿಯ ಹೊತ್ತಿಗೆ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಬಾಗಲು ನೋಡುತ್ತದೆ. ಟ್ರಸ್ಸಿನಿಂದ ಟ್ರಸ್ಸಿಗೆ ಕೆಳಮಟ್ಟದಲ್ಲಿ ಅಡ್ಡಕಟ್ಟು ಹಾಕಿದರೆ ಇದನ್ನು ತಡೆಯಬಹುದು, ಖರ್ಚೂ ದೊಡ್ಡದಲ್ಲ. ಆದರೆ ಎಳೆತ ಅಲ್ಲಿಗೆ ನಿಲ್ಲುವುದಿಲ್ಲ. ಟ್ರಸ್ಸಿನಿಂದ ಕಂಬಕ್ಕೆ, ಕಂಬದಿಂದ ಅದರ ಬುಡದ ಉಕ್ಕಿನ ಹಲಗೆಯಾದ ಬೇಸ್ ಪ್ಲೇಟಿಗೆ, ಅಲ್ಲಿಂದ ಪಾಯದ ಬೋಲ್ಟಿಗೆ ಇಳಿಯುತ್ತದೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಅಪ್ಪಳಿಸಿದ್ದು ನೆರೆಯ ರಾಯಗಡದ ಕರಾವಳಿಗೆ. ಇಂಥ ಗಾಳಿ ಈ ಪ್ರದೇಶಕ್ಕೆ ಬಾರದೆಂದು ಲೆಕ್ಕ ಹಾಕುವಂತಿಲ್ಲ.

ಕಂಬದ ಬುಡ

ಹಳೆಯ ಷೆಡ್ಡಿನ ಕಂಬಗಳನ್ನು ನೋಡುವಾಗ ಬೇಸ್ ಪ್ಲೇಟ್ ಕಣ್ಣಿಗೆ ಕಾಣುತ್ತದೆಯೇ ಎಂದು ಮೊದಲು ಕೇಳಬೇಕು. ಬಹಳ ಕಡೆ ಕಾಣುವುದಿಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತದೆ. ಮಳೆನೀರು ಒಳಗೆ ನುಗ್ಗುತ್ತದೆ. ತಡೆಯಲೆಂದು ಷೆಡ್ಡಿನೊಳಗೆ ನಾಲ್ಕಾರು ಅಂಗುಲ ಕಾಂಕ್ರೀಟ್ ಸುರಿಯುತ್ತಾರೆ. ಹತ್ತಿಪ್ಪತ್ತು ವರ್ಷಗಳಲ್ಲಿ ಎರಡು ಮೂರು ಸಲ ಹೀಗಾದರೆ, ನೆಲದಿಂದ ಮೇಲೆ ಒಣಗಿ ನಿಲ್ಲಬೇಕಾದ ಬೇಸ್ ಪ್ಲೇಟ್, ಬೋಲ್ಟ್, ಕಂಬದ ಕೊನೆ ಮೂರೂ ಹೂತುಹೋಗುತ್ತವೆ. ಒಳ್ಳೆಯ ಕಾಂಕ್ರೀಟಿನೊಳಗೆ ಪೂರ್ತಿ ಮುಳುಗಿದ ಉಕ್ಕು ಬೇಗ ತುಕ್ಕುಹಿಡಿಯುವುದಿಲ್ಲ, ಗಾಳಿಗೆ ಒಣಗುವ ಉಕ್ಕೂ ನಿಧಾನ. ಎರಡೂ ಸೇರುವ ಗೆರೆಯಲ್ಲಿ, ಉಕ್ಕಿಗೂ ಕಾಂಕ್ರೀಟಿಗೂ ನಡುವಿನ ಕೂದಲೆಳೆಯ ಸಂದಿನಲ್ಲಿ ನೀರು ನಿಂತು, ಬೇರೆ ಕಡೆಗಿಂತ ಹಲವು ಪಟ್ಟು ಬೇಗ ತಿನ್ನುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುವುದರಿಂದ ಪದರ ಪದರವಾಗಿ ಉಬ್ಬಿ ಕಾಂಕ್ರೀಟನ್ನೂ ಸೀಳುತ್ತದೆ. ಆ ಸೀಳಿನಿಂದ ಇನ್ನಷ್ಟು ನೀರು ಇಳಿಯುತ್ತದೆ.

ತಪಾಸಣೆಗೆ ಸುತ್ತಿಗೆಯಿಂದ ತಟ್ಟುವ ಹಳೆಯ ಪದ್ಧತಿಗೆ ಇಂದಿಗೂ ಬೆಲೆಯಿದೆ. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ. ತಿಂದ ಉಕ್ಕು ಮಂಕಾಗಿ ಸದ್ದುಮಾಡಿ ಕಂದು ಚಕ್ಕೆ ಉದುರಿಸುತ್ತದೆ. ಚಕ್ಕೆಯನ್ನು ಪೂರ್ತಿ ಕೆತ್ತಿ ಉಳಿದ ದಪ್ಪವನ್ನು ಅಲ್ಟ್ರಾಸಾನಿಕ್ ಮೀಟರಿನಲ್ಲಿ ಅಳೆಯಬೇಕು. ಬಣ್ಣದ ಮೇಲಿಂದ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಆರು ಮಿಲಿಮೀಟರಿನ ಆ್ಯಂಗಲ್ ಎರಡೂ ಮೈಯಲ್ಲಿ ಒಂದೊಂದು ಮಿಲಿಮೀಟರ್ ಕಳೆದುಕೊಂಡರೆ ಉಳಿದದ್ದು ನಾಲ್ಕು, ಮೂರರಲ್ಲಿ ಒಂದು ಪಾಲು ಹೋಯಿತು. ರೆಡ್ ಆಕ್ಸೈಡ್ ಬಳಿದ ಮೇಲೆ ನೋಡುವ ಕಣ್ಣಿಗೆ ಅದು ಕಾಣುವುದೇ ಇಲ್ಲ. ಎರಡು ಆ್ಯಂಗಲ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದ ಕಂಬದಲ್ಲಿ ಕುಂಚ ಹೋಗದ ನಡುವಿನ ಸಂದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ನೆಲ ಅಗೆದು ಬೇಸ್ ಪ್ಲೇಟ್ ತೆರೆಯುವುದು ಗಲೀಜು ಕೆಲಸ, ಅಂದಾಜುಪಟ್ಟಿಯಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ. ಪ್ರತಿ ಕಂಬವನ್ನೂ ತೆರೆಯಲು ಆಗದಿದ್ದರೆ ಗಟರಿನ ಕೆಳಪೈಪು ಇಳಿಯುವ ಕಂಬಗಳನ್ನೂ ಬಾಗಿಲ ಪಕ್ಕದವನ್ನೂ ತಪ್ಪದೆ ತೆರೆಯಬೇಕು; ನೀರು ಹೆಚ್ಚು ಕಂಡ ಜಾಗ ಅವು.

ದುರಸ್ತಿಯ ಕ್ರಮ ಹೀಗೆ. ಕಂಬದ ಎರಡೂ ಪಕ್ಕ ಆಸರೆ ಕೊಟ್ಟು, ಜಾಕಿಯಿಂದ ಟ್ರಸ್ಸಿನ ಭಾರ ಎತ್ತಿಹಿಡಿದು, ತುಕ್ಕಿನ ಗೆರೆಗಿಂತ ಒಂದಡಿಯಾದರೂ ಮೇಲೆ ಗಟ್ಟಿ ಉಕ್ಕು ಸಿಗುವಲ್ಲಿ ಕಂಬವನ್ನು ಕತ್ತರಿಸುತ್ತಾರೆ. ಪಾಯವನ್ನು ಕಾಂಕ್ರೀಟ್ ಪೆಡೆಸ್ಟಲ್ ಆಗಿ ಈಗಿನ ನೆಲಕ್ಕಿಂತ ಸುಮಾರು 300 ಮಿ.ಮೀ. ಮೇಲಕ್ಕೆ ಬೆಳೆಸಿ, ಗಾಳಿಯ ಹೊಸ ಎಳೆತಕ್ಕೆ ತಕ್ಕ ಬೋಲ್ಟ್ ಕೂರಿಸಿ, ಹೊಸ ಬೇಸ್ ಪ್ಲೇಟಿನೊಂದಿಗೆ ಹೊಸ ತುಂಡು ಜೋಡಿಸುತ್ತಾರೆ. ಪೆಡೆಸ್ಟಲ್ಲಿನ ತಲೆ ಹೊರಕ್ಕೆ ಇಳಿಜಾರಾಗಿರಬೇಕು. ರಿವರ್ಸ್ ಬರುವ ಗಾಡಿ ಕಂಬಕ್ಕೆ ತಾಗದಂತೆ ಮುಂದೆ ಹಳೆಯ ರೈಲು ಕಂಬಿಯನ್ನೋ ಕಾಂಕ್ರೀಟ್ ಗೂಟವನ್ನೋ ನೆಡಬೇಕು. ಯಾರ್ಡಿನಲ್ಲಿ ಕಂಬಕ್ಕೆ ತುಕ್ಕಿನಷ್ಟೇ ಅಪಾಯ ಬಂಪರಿನಿಂದಲೂ ಇದೆ. ಒಂದು ಸಲಕ್ಕೆ ಒಂದೇ ಕಂಬ, ಅಕ್ಟೋಬರಿನಿಂದ ಮೇ ತಿಂಗಳೊಳಗೆ.

ಕಲ್ನಾರು

1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದು ಎತ್ತಿಹಿಡಿಯಿತು. ಷೆಡ್ಡಿನ ಮಾಡು ಕಳಚುವವರ ಆರೋಗ್ಯವೂ ಅಷ್ಟೇ ಮುಖ್ಯ. ಹಾಗಾಗಿ ಕಲ್ನಾರಿನ ಹಳೆಯ ಸಿಮೆಂಟ್ ಶೀಟನ್ನು ನೀರು ಹಾಯಿಸಿ, ಒಡೆಯದೆ, ಇಡಿಯಾಗಿ ಕೆಳಗಿಳಿಸಬೇಕು. ಮೇಲಿಂದ ಎಸೆದು ಚೂರುಮಾಡುವುದು, ಆ ಚೂರನ್ನು ನೆಲ ತುಂಬಲು ಬಳಸುವುದು ಎರಡೂ ಕೂಡದು. ಶೀಟಿನ ಮೇಲೆ ನೇರ ಕಾಲಿಟ್ಟು ನಡೆಯುವುದೂ ಜೀವಕ್ಕೆ ಅಪಾಯ. ಪರ್ಲಿನ್‌ಗಳ ಮೇಲೆ ಹಲಗೆ ಹಾಸಿಯೇ ಕೆಲಸ ಮಾಡಬೇಕು.

ಹೊಸದೇ ಲೇಸೆಂಬ ವಾದ

ಕಾರ್ಖಾನೆಯಲ್ಲೇ ತಯಾರಾಗಿ ಬಂದು ಕೆಲವೇ ವಾರಗಳಲ್ಲಿ ನಿಲ್ಲುವ ಪಿಇಬಿ (ಪ್ರೀ-ಎಂಜಿನಿಯರ್ಡ್ ಬಿಲ್ಡಿಂಗ್) ಷೆಡ್ ಇರುವಾಗ ಹಳೆಯದಕ್ಕೆ ತೇಪೆ ಏಕೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಹೊಸ ಷೆಡ್ಡಿನ ಲೆಕ್ಕ ಸ್ಪಷ್ಟ, ಟೆಂಡರು ಸರಳ, ಹೊಣೆ ಒಬ್ಬರದೇ. ನವೀಕರಣದಲ್ಲಿ ನೆಲ ಅಗೆದ ಮೇಲೆ ಖರ್ಚು ಬೆಳೆಯುವ ಸಂಭವ ನಿಜವಾಗಿಯೂ ಇದೆ. ಆದರೂ ತೂಗಬೇಕಾದ ಸಂಗತಿಗಳಿವೆ. ಪಿಇಬಿಯ ತೊಲೆಗಳು ಬೇಕಾದಷ್ಟೇ ಉಕ್ಕಿನಲ್ಲಿ ತಯಾರಾಗುತ್ತವೆ. ಅದರ ಅಗ್ಗಕ್ಕೆ ಕಾರಣವೂ ಅದೇ. ಬುಡದಲ್ಲಿ ನೀರು ನಿಲ್ಲುವ ಅಂಗಳದಲ್ಲಿ ಅದರ ತೆಳು ಪ್ಲೇಟಿಗೆ ಕಳೆದುಕೊಳ್ಳಲು ಹೆಚ್ಚು ಉಕ್ಕಿಲ್ಲ. ಹೆಂಚಿನ ಭಾರಕ್ಕೋ ಕ್ರೇನ್ ಗ್ಯಾಂಟ್ರಿಗೋ ಕಟ್ಟಿದ ಹಳೆಯ ಕಂಬಗಳಲ್ಲಿ ಮಿಗಿಲು ಬಲವಿರುವುದು ಸಾಮಾನ್ಯ, ಮತ್ತು ಆ ಗ್ಯಾಂಟ್ರಿ ಗಾಡಿಯ ಎಂಜಿನ್ ಎತ್ತಲು ಬರುತ್ತದೆ. ಕೆಡವಿ ಕಟ್ಟುವಷ್ಟು ದಿನ ಗಾಡಿಗಳು ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ ಎಂಬುದೂ ಇಷ್ಟು ಇಕ್ಕಟ್ಟಿನ ಊರಿನಲ್ಲಿ ಸಣ್ಣ ಮಾತಲ್ಲ. ತುಕ್ಕು ಬುಡವನ್ನು ದಾಟಿ ಟ್ರಸ್ಸಿನ ಜೋಡಣೆಗಳವರೆಗೂ ಏರಿದ್ದರೆ, ಇಲ್ಲವೇ ಕಂಪ್ಯಾಕ್ಟರಿನ ಹಿಂಬಾಗಿಲು ಎತ್ತಲು ಮಾಡಿನ ಎತ್ತರವೇ ಸಾಲದಿದ್ದರೆ, ಆಗ ಕೆಡವುವುದೇ ಸರಿ. ಆ ತೀರ್ಮಾನವನ್ನೂ ಮಾಡಿನ ಸೋರಿಕೆ ನೋಡಿ ಮಾಡಲಾಗದು. ಬುಡ ತೆರೆದು ಅಳೆದ ಅಂಕಿಗಳಿಂದಲೇ ಮಾಡಬೇಕು.

ತೊಳೆಯುವ ಕಟ್ಟೆ

ಕಸದ ಗಾಡಿಯಿಂದ ಇಳಿಯುವ ಹುಳಿ ರಸ ಮಳೆನೀರಿಗಿಂತ ಬಹಳ ಬೇಗ ಉಕ್ಕನ್ನು ತಿನ್ನುತ್ತದೆ. ಆದ್ದರಿಂದ ಗಾಡಿ ತೊಳೆಯುವ ಕಟ್ಟೆ ಷೆಡ್ಡಿನ ಹೊರಗೆ, ತನ್ನದೇ ಚರಂಡಿ ಮತ್ತು ಎಣ್ಣೆ ಬೇರ್ಪಡಿಸುವ ತೊಟ್ಟಿಯೊಂದಿಗೆ ಇರಬೇಕು. ಷೆಡ್ಡಿನೊಳಗಿನ ನೆಲ ಕಂಬಗಳಿಂದ ನಡುವಿನ ಕಾಲುವೆಯತ್ತ ನೂರಕ್ಕೆ ಒಂದರಷ್ಟಾದರೂ ಇಳಿಜಾರಿರಬೇಕು. ಮಳೆಗಾಲ ಮುಗಿದ ಕೂಡಲೇ ಪೆಡೆಸ್ಟಲ್ಲುಗಳ ಸುತ್ತ ಕೂತ ಕೆಸರನ್ನು ಕೆರೆದು, ಸಿಹಿನೀರಿನಲ್ಲಿ ತೊಳೆದು, ಬಣ್ಣ ಎದ್ದ ಕಡೆ ಆ ವರ್ಷವೇ ಬಳಿಯಬೇಕು.