ಊರು ಬೆಳೆದಂತೆ ಬೀದಿ

ಮನೆ ಹಳೆಯದಾದರೆ ಕೆಡವಿ ಹೊಸದನ್ನು ಕಟ್ಟಿಸಬಹುದು. ಬೀದಿಯನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಒಮ್ಮೆ ಬಿದ್ದ ಬೀದಿಯ ಜಾಡು ಅರಸೊತ್ತಿಗೆಗಳು ಅಳಿದರೂ ಉಳಿಯುತ್ತದೆ. ಇದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ.

ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಈ ನಗರಕ್ಕೆ ತಳಹದಿ ಹಾಕಿದರೆಂದು ಹೇಳುವುದು ವಾಡಿಕೆ. ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಹೂಡಿ, ನಾಲ್ಕು ದಿಕ್ಕಿಗೆ ಹೊಡೆಸಿ, ಆ ಗೆರೆಗಳನ್ನೇ ಬೀದಿ ಮಾಡಿಸಿದರೆಂಬ ಐತಿಹ್ಯವೂ ಉಂಟು. ಐತಿಹ್ಯ ಹಾಗಿರಲಿ, ತೆಂಕಣಿಂದ ಬಡಗಣಕ್ಕೆ ದೊಡ್ಡಪೇಟೆ, ಮೂಡಣಿಂದ ಪಡುವಣಕ್ಕೆ ಚಿಕ್ಕಪೇಟೆ, ಇವೆರಡೂ ಇಂದಿಗೂ ಒಂದನ್ನೊಂದು ಹಾಯುತ್ತವೆ. ದೊಡ್ಡಪೇಟೆಗೆ ಅವೆನ್ಯೂ ರಸ್ತೆಯೆಂಬ ಹೆಸರು ಬಂದಿತೇ ಹೊರತು ಜಾಡು ಬದಲಾಗಲಿಲ್ಲ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆಗಳ ಓಣಿಗಳು ಇಕ್ಕಟ್ಟಾದರೂ ಒಂದರೊಳಗಿಂದ ಇನ್ನೊಂದಕ್ಕೆ ದಾರಿಯಿತ್ತು. ತಲೆಹೊರೆಯವನಿಗೆ ಸುತ್ತುಬಳಸು ಕಡಿಮೆ.

1898ರಲ್ಲಿ ಪ್ಲೇಗು ಬಂದಾಗ ಈ ಇಕ್ಕಟ್ಟೇ ಮೃತ್ಯುವಾಯಿತು. ಆಮೇಲೆ ಜನ ಮಲ್ಲೇಶ್ವರ, ಬಸವನಗುಡಿಗಳ ಹೊಸ ಬಡಾವಣೆಗಳತ್ತ ಸರಿದರು. ಅಲ್ಲಿ ನೇರವಾದ ಮುಖ್ಯರಸ್ತೆ, ಅದನ್ನು ಕತ್ತರಿಸುವ ಅಡ್ಡರಸ್ತೆ, ಮನೆಗಳ ಹಿಂದೆ ಸಂದಿ. ಗಾಳಿಬೆಳಕಿಗೆಂದು ಮಾಡಿದ ಏರ್ಪಾಡು ನಡೆಯುವವರಿಗೂ ಅನುಕೂಲವಾಯಿತು. ಒಂದು ರಸ್ತೆ ಕಟ್ಟಿಕೊಂಡರೆ ಇನ್ನೊಂದರಲ್ಲಿ ಹೋಗಬಹುದಾಗಿತ್ತು.

1901ರಲ್ಲಿ ದಂಡುಪ್ರದೇಶವೂ ಸೇರಿ ಬೆಂಗಳೂರಿನ ಜನಸಂಖ್ಯೆ ಸುಮಾರು 1.6 ಲಕ್ಷ, 2011ರ ಜನಗಣತಿಯ ವೇಳೆಗೆ ಅದು 84 ಲಕ್ಷವಾಗಿತ್ತು. ಇಷ್ಟು ವೇಗದ ಬೆಳವಣಿಗೆಯಲ್ಲಿ, ಹೊರವಲಯದ ಅನೇಕ ಕಡೆ ರಸ್ತೆಯ ಯೋಜನೆಗಿಂತ ನಿವೇಶನವೇ ಮುಂದೆ ಓಡಿತು. ಒಬ್ಬ ರೈತನ ಹೊಲ ಮಾರಾಟವಾದರೆ ಆ ಹೊಲದ ಬದುವೇ ಬಡಾವಣೆಯ ಎಲ್ಲೆ. ಪಕ್ಕದ ಹೊಲದಲ್ಲಿಯೂ ಮನೆಗಳೆದ್ದಾಗ ಅಲ್ಲಿನ ರಸ್ತೆ ಇಲ್ಲಿನದಕ್ಕೆ ಕೂಡಲಿಲ್ಲ. ಕೆಲವರು ಸುತ್ತ ಗೋಡೆ ಎತ್ತಿ ಗೇಟು ಹಾಕಿಸಿದರು. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಗಳ ಕಡೆ ಇಂಥವು ಹಲವು. ಗೋಡೆಯಾಚೆಯೇ ಅಂಗಡಿಯಿದ್ದರೂ ಹೆದ್ದಾರಿಗೆ ಬಂದು ಬಳಸಿಹೋಗಬೇಕು. ಕಾಲ್ನಡಿಗೆ ಸಾಗದಾದಾಗ ವಾಹನ ಬೇಕಾಗುತ್ತದೆ. ವಾಹನಗಳೆಲ್ಲ ಒಂದೇ ರಸ್ತೆಗೆ ಬಂದು ಬೀಳುತ್ತವೆ. ನೂರು ಹಳ್ಳದ ನೀರು ಒಂದೇ ತೂಬಿನಲ್ಲಿ ಹರಿಯಬೇಕೆಂದರೆ ತೂಬನ್ನು ಎಷ್ಟು ಅಗಲಿಸಿದರೂ ಸಾಲದು.

ಇದರ ಕಷ್ಟ ಶಾಲೆಗೆ ನಡೆವ ಮಕ್ಕಳಿಗೂ ಮುದುಕರಿಗೂ ಮೊದಲು ತಟ್ಟುತ್ತದೆ. ರೋಗಿಯನ್ನು ಸಾಗಿಸುವ ಬಂಡಿಗೂ ತಪ್ಪಿದ್ದಲ್ಲ. ಬೆಂಗಳೂರಿನ ಮಾತು ಬೆಳೆಯುತ್ತಿರುವ ಎಲ್ಲ ಊರುಗಳಿಗೂ ಸಲ್ಲುತ್ತದೆ. ಹೊಸ ಬಡಾವಣೆಯ ನಕ್ಷೆ ಕಣ್ಣೆದುರು ಬಂದಾಗ ನಿವೇಶನದ ಉದ್ದಗಲ ಕೇಳುವ ಮೊದಲು, ಈ ಬೀದಿ ನೆರೆಯ ಬೀದಿಗೆ ಕೂಡುವುದೇ ಎಂದು ವಿಚಾರಿಸುವುದು ಒಳಿತು. ಇಂದು ಎಳೆದ ಗೆರೆಯಲ್ಲಿಯೇ ನಮ್ಮ ಮೊಮ್ಮಕ್ಕಳೂ ನಡೆಯಬೇಕಾಗಿದೆ.