ಪಾನುಂಗಲ್ಲಿನ ಕಾಮದೇವರಸ

ಇಂಗ್ಲೆಂಡಿನ ಹೆನ್ರಿಗಳನ್ನೂ ದಿಲ್ಲಿಯ ಸುಲ್ತಾನರನ್ನೂ ತೇದಿಸಹಿತ ಒಪ್ಪಿಸುವ ನಮ್ಮ ಹುಡುಗರನ್ನು, "ಹಾನಗಲ್ಲಿನ ಕಾಮದೇವನು ಯಾರು?" ಎಂದು ಕೇಳಿ ನೋಡಿರಿ, ಸುಮ್ಮನೆ ನಿಂತುಬಿಡುವರು. ತಪ್ಪು ಅವರದಲ್ಲ, ಕಲಿಸುವ ನಮ್ಮದು. ಕುಮುದ್ವತಿಯ ತೀರದ ರಟ್ಟೀಹಳ್ಳಿಯಲ್ಲಿ ಮೂರು ಗರ್ಭಗುಡಿಗಳ ಕದಂಬೇಶ್ವರ ದೇವಾಲಯವಿದೆ. ಆ ದೇವರಿಗೆ ಕೈಮುಗಿಯುವವರೆಲ್ಲರ ನಾಲಿಗೆಯ ಮೇಲೂ ಕದಂಬರ ಹೆಸರಿದೆ. ಅವರ ಕಥೆ ಮಾತ್ರ ಮರೆತುಹೋಗಿದೆ.

ಬನವಾಸಿಯ ಮಯೂರವರ್ಮನ ಹೆಸರು ಎಲ್ಲರಿಗೂ ಗೊತ್ತು. ತಾವು ಅವನ ಕುಲದವರೆಂದು ಹೇಳಿಕೊಂಡ ಒಂದು ಶಾಖೆಯವರು, ಕಲ್ಯಾಣದ ಚಾಲುಕ್ಯರ ಸಾಮಂತರಾಗಿ, ಪಾನುಂಗಲ್ 500ನ್ನೂ ಬನವಾಸಿ 12000ವನ್ನೂ ಆಳಿದರು. ಪಾನುಂಗಲ್ಲೆಂದರೆ ಇಂದಿನ ಹಾನಗಲ್ಲು. ಬನವಾಸಿಯ ಮಧುಕೇಶ್ವರನು ಅವರ ಕುಲದೈವ. ಸಿಂಹ ಅವರ ಲಾಂಛನ, ವಾನರ ಅವರ ಧ್ವಜ. ಈ ವಂಶದ ಕಾಮದೇವನ ಆಳಿಕೆ ಕ್ರಿ.ಶ. 1181ರ ಸುಮಾರಿಗೆ ಆರಂಭವಾಯಿತು. "ತೈಲಮನ ಅಂಕಕಾರ" ಎಂಬುದು ಅವನ ಬಿರುದು. ಅಂಕಕಾರನೆಂದರೆ ಒಡೆಯನ ಪರವಾಗಿ ಕಣಕ್ಕಿಳಿದು ಹೋರುವ ಬಂಟ. ತೈಲಮನು ಇವನ ತಂದೆ.

ಕಾಲವೋ ಬಹು ಕೆಟ್ಟದ್ದು. ಚಾಲುಕ್ಯರ ಸೂರ್ಯ ಮುಳುಗುತ್ತಿದ್ದನು. ಉತ್ತರದಿಂದ ಸೇವುಣರು, ದಕ್ಷಿಣದಿಂದ ಹೊಯ್ಸಳರು ಮುಂದೊತ್ತಿ ಬರುತ್ತಿದ್ದರು. ಅಂಥ ಹೊತ್ತಿನಲ್ಲಿಯೂ ಕಾಮದೇವನು ಒಡೆಯನನ್ನು ಬಿಡಲಿಲ್ಲ. ಮಲೆನಾಡು, ತುಳುನಾಡು, ಕೊಂಕಣಗಳನ್ನು ನಾಲ್ವಡಿ ಸೋಮೇಶ್ವರನ ಆಜ್ಞೆಗೆ ಒಳಪಡಿಸಿದನೆಂದು 1189ರ ಶಾಸನವು ಅವನನ್ನು ಹೊಗಳುತ್ತದೆ. ಆದರೆ ಒಡೆಯನ ಸಿಂಹಾಸನವೇ ಹೆಚ್ಚು ಕಾಲ ಉಳಿಯಲಿಲ್ಲ.

ಮುಂದೆ ಹೊಯ್ಸಳ ವೀರಬಲ್ಲಾಳನು ಸೊರಟೂರಿನಲ್ಲಿ ಸೇವುಣ ಭಿಲ್ಲಮನನ್ನು ಸೋಲಿಸಿದನು. ಆ ಗೆಲುವಿನ ಬಲದಿಂದ 1196ರಲ್ಲಿ ಹಾನಗಲ್ಲಿನ ಮೇಲೆ ಬಂದು, ಆನೆಕೆರೆಯ ಬಳಿ ಬೀಡುಬಿಟ್ಟು ಕೋಟೆಯನ್ನು ಮುತ್ತಿದನು. ಕದಂಬರ ದಂಡನಾಯಕ ಸೋಹಣಿಯು ಮುತ್ತಿದವರನ್ನು ಹಿಮ್ಮೆಟ್ಟಿಸಿದನು. ಆದರೆ ತಾನು ಬದುಕಿ ಹಿಂದಿರುಗಲಿಲ್ಲ. ಕೋಟೆ ಅಂದು ಉಳಿಯಿತು. 1203ರ ಸುಮಾರಿನಲ್ಲಿಯೂ ಕಾಮದೇವನು ಹೊಯ್ಸಳರೊಡನೆ ಹೋರಾಡುತ್ತಲೇ ಇದ್ದನು. ಕಡೆಗೆ ನಾಡು ದೊಡ್ಡವರ ಪಾಲಾಯಿತು.

ಅದೇ ವರ್ಷಗಳಲ್ಲಿ ದೂರದ ನಾರ್ವೆಯಲ್ಲಿ ಸ್ವೆರ್ರೆ ಎಂಬ ಅರಸನಿದ್ದನು. ಅವನ ಆಳಿಕೆಯೂ ಯುದ್ಧಗಳಲ್ಲಿಯೇ ಕಳೆಯಿತು, 1202ರಲ್ಲಿ ತೀರಿಕೊಂಡನು. ಅವನು ಐಸ್‌ಲೆಂಡಿನ ಮಠಾಧಿಪತಿಯೊಬ್ಬನನ್ನು ಹತ್ತಿರ ಕೂರಿಸಿಕೊಂಡು ತನ್ನ ಚರಿತ್ರೆಯನ್ನು ಬರೆಯಿಸತೊಡಗಿದನು. ಆ ಗ್ರಂಥವನ್ನು ಇಂದಿಗೂ ಓದುತ್ತಾರೆ. ನಮ್ಮ ಕಾಮದೇವನಿಗೆ ಅಂಥ ಗ್ರಂಥವಿಲ್ಲ. ಹಾನಗಲ್ಲಿನ ಮುತ್ತಿಗೆಯ ಕಥೆಯನ್ನು ನಮಗೆ ಹೇಳಿದ್ದು ಒಂದು ವೀರಗಲ್ಲು. ಆ ಅರಸನು ತನ್ನ ಕಥೆಯನ್ನು ತಾನೇ ಬರೆಯಿಸಿದನು; ಈ ಅರಸನ ಕಥೆ ಅವನಿಗಾಗಿ ಸತ್ತವನ ಕಲ್ಲಿನ ಮೇಲೆ ಉಳಿಯಿತು. ಯಾವುದು ಹೆಚ್ಚಿನದೆಂಬುದನ್ನು ತಾವೇ ನಿರ್ಣಯಿಸಬೇಕು.

ನಿಮ್ಮ ಊರ ಅಗಸೆಯಲ್ಲಿ, ಕೆರೆಯ ಏರಿಯ ಮೇಲೆ ಇಂಥ ಕಲ್ಲುಗಳು ನಿಂತಿರಬಹುದು: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಅದರ ಮೇಲೆ ಬಟ್ಟೆ ಒಗೆಯುವ ಮುನ್ನ, ಅದನ್ನು ಒಡೆದು ಅಡಿಪಾಯಕ್ಕೆ ಹಾಕುವ ಮುನ್ನ, ಮಕ್ಕಳ ಕೈಹಿಡಿದು ಒಮ್ಮೆ ಅದರ ಮುಂದೆ ನಿಲ್ಲಿರಿ. ಹೋದ ಕೋಟೆಯನ್ನು ಮತ್ತೆ ಕಟ್ಟಬಹುದು; ಒಡೆದ ಅಕ್ಷರವನ್ನು ಮತ್ತೆ ಕಟ್ಟಲಾಗದು.