ಇಂಡಿಯ ಲಿಂಬೆ ಮತ್ತು ಟ್ಯಾಕ್ರೋಲಿಮಸ್

ಇಂಡಿ ಸೀಮೆಯಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡು ಮನೆಗೆ ಮರಳಿದವರು ಲಿಂಬೆ ತಿನ್ನಬಹುದೇ? ಭೌಗೋಳಿಕ ಸೂಚಕ ಪಡೆದ ಇಂಡಿ ಲಿಂಬೆ ಇಲ್ಲಿ ಹೊಲದ ಬೆಳೆ, ಊಟದ ಹೋಳು, ಬೇಸಿಗೆಯ ಶರಬತ್ತು, ವರ್ಷವಿಡೀ ಉಪ್ಪಿನಕಾಯಿ. ಹಾಗಾಗಿ ಪ್ರಶ್ನೆ ಸಣ್ಣದಲ್ಲ.

ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕಾಯುವ ಮುಖ್ಯ ಔಷಧಿ ಟ್ಯಾಕ್ರೋಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ಸಿಕ್ಕಿದ್ದು. ರಕ್ತದಲ್ಲಿ ಅದು ಕಡಿಮೆಯಾದರೆ ಅಂಗ ತಿರಸ್ಕಾರದ ಭಯ, ಹೆಚ್ಚಾದರೆ ಅದೇ ಕಿಡ್ನಿಗೆ ಹಾನಿ. ಅದನ್ನು ಒಡೆಯುವುದು ಕರುಳು ಮತ್ತು ಯಕೃತ್ತಿನಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ. ಚಕ್ಕೋತ, ಗ್ರೇಪ್‌ಫ್ರೂಟ್‌ಗಳಲ್ಲಿರುವ ಫ್ಯುರಾನೊಕೌಮರಿನ್‌ಗಳು ಕರುಳಿನ ಕಿಣ್ವವನ್ನೇ ಕೆಡಿಸುತ್ತವೆ. ಹೊಸದು ತಯಾರಾಗಲು ಒಂದೆರಡು ದಿನ ಬೇಕು. ಆದ್ದರಿಂದ ಹಣ್ಣು ಮಧ್ಯಾಹ್ನ, ಗುಳಿಗೆ ರಾತ್ರಿ ಎಂಬ ಉಪಾಯ ಫಲಿಸದು. ಚಕ್ಕೋತ ಬಿಡಲೇಬೇಕು.

ಲಿಂಬೆಯಲ್ಲೂ ಈ ಗುಂಪಿನ ರಾಸಾಯನಿಕಗಳಿವೆ, ಸಿಪ್ಪೆಯಲ್ಲಿ ಹೆಚ್ಚು. ಸಾರಿಗೆ ಹಿಂಡಿದ ನಾಲ್ಕು ಹನಿಯನ್ನೂ ದಿನಕ್ಕೆ ಮೂರು ಲೋಟ ಶರಬತ್ತನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸಿಪ್ಪೆಸಮೇತ ತಿನ್ನುವ ಉಪ್ಪಿನಕಾಯಿಯ ಮೇಲೆ ನನ್ನ ಅನುಮಾನ ಹೆಚ್ಚು. ಅದರ ಉಪ್ಪು ರಕ್ತದೊತ್ತಡಕ್ಕೂ ಒಳ್ಳೆಯದಲ್ಲ. ಹನಿಗೆ ಹೆದರಬೇಕಿಲ್ಲ, ಶರಬತ್ತನ್ನು ವೈದ್ಯರಿಂದ ಮುಚ್ಚಿಡಬಾರದು ಎಂಬುದು ನನ್ನ ನಿಲುವು.

ಲಿಂಬೆಗಿಂತ ದೊಡ್ಡ ಅಪಾಯ ಔಷಧಿ ಅಂಗಡಿಯಲ್ಲಿದೆ. ಕ್ಲಾರಿಥ್ರೋಮೈಸಿನ್, ಫ್ಲುಕೊನಜೋಲ್‌ಗಳು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕಿಣ್ವವನ್ನು ಹೆಚ್ಚಿಸಿ ಮಟ್ಟವನ್ನು ತೀರಾ ಇಳಿಸುತ್ತದೆ. ಹಾಗೆಂದು ಕ್ಷಯದ ಚಿಕಿತ್ಸೆ ಬಿಡುವಂತಿಲ್ಲ. ಕಸಿ ವೈದ್ಯರಿಗೆ ತಿಳಿಸಿಯೇ ಆರಂಭಿಸಬೇಕು. ಮೈಕೈ ನೋವಿಗೆ ನುಂಗುವ ಡೈಕ್ಲೋಫೆನಾಕ್ ನೇರವಾಗಿ ಕಿಡ್ನಿಗೇ ಪೆಟ್ಟು ಕೊಡುತ್ತದೆ. ಭೇದಿ ಹತ್ತಿದಾಗಲೂ ಟ್ಯಾಕ್ರೋಲಿಮಸ್ ಮಟ್ಟ ಏರಬಹುದು. ಕಂಪನಿ ಬದಲಾದ ಗುಳಿಗೆಯನ್ನು ಕೇಳದೆ ತೆಗೆದುಕೊಳ್ಳಬೇಡಿ.

ಇಷ್ಟೆಲ್ಲ ಜಾಗ್ರತೆ ವಹಿಸಿದವರೂ ಎಡವುವುದು ರಕ್ತಪರೀಕ್ಷೆಯ ದಿನ. ಮುದ್ದೇಬಿಹಾಳದಿಂದಲೋ ಸಿಂದಗಿಯಿಂದಲೋ ಬಸವನ ಬಾಗೇವಾಡಿಯಿಂದಲೋ ನಸುಕಿನ ಬಸ್ಸು ಹಿಡಿಯುವವರು ರೂಢಿಯಂತೆ ಮುಂಜಾನೆಯ ಗುಳಿಗೆ ನುಂಗಿಯೇ ಹೊರಡುತ್ತಾರೆ. ಅಳೆಯಬೇಕಾದದ್ದು ಹಿಂದಿನ ರಾತ್ರಿಯ ಗುಳಿಗೆಯಾದ ಸುಮಾರು 12 ಗಂಟೆಯ ಮೇಲೆ ಉಳಿದ ಮಟ್ಟ. ಗುಳಿಗೆ ನುಂಗಿ ಎರಡು ತಾಸಿಗೆ ರಕ್ತ ಕೊಟ್ಟರೆ ಅಂಕಿ ಸುಳ್ಳೇ ಏರಿರುತ್ತದೆ. ಅದನ್ನು ನಂಬಿ ಪ್ರಮಾಣ ಇಳಿಸಿದರೆ ಅಂಗಕ್ಕೆ ಕುತ್ತು. ಪ್ರಯಾಣ ದೂರವಿದ್ದರೆ ಹಿಂದಿನ ರಾತ್ರಿಯ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ವೈದ್ಯರನ್ನು ಮೊದಲೇ ಕೇಳಿ. ಪರೀಕ್ಷೆಯ ದಿನ ಗುಳಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಹೊರಡಿ, ರಕ್ತ ಕೊಟ್ಟ ಮೇಲೆಯೇ ನುಂಗಿ.